ಅಮ್ಮನ ಊದುಗೊಳವೆ

ಬೆಂಗಳೂರಿಗೆ ಬಂದ ಹೊಸತರಲ್ಲಿ, ಊರಿಂದ ವಾಪಸು ಬಂದ ತಕ್ಷಣ ನಾನು ಬ್ಯಾಗು ಬಿಚ್ಚುತ್ತಿರಲಿಲ್ಲ. ಸೋಮವಾರ ಬೆಳಗಿನ ಜಾವ ಮೆಜೆಸ್ಟಿಕ್ಕಿನಲ್ಲಿ ಬಸ್ಸಿಳಿದು, ರೂಮಿಗೆ ಬಂದು ಎರಡು ಚೊಂಬು ನೀರು ಸುರಿದುಕೊಂಡು ಆಫೀಸಿಗೆ ಓಡಿದರೆ ಮತ್ತೆ ರೂಮು ಕಾಣುತ್ತಿದ್ದುದು ರಾತ್ರಿ ಒಂಬತ್ತಕ್ಕೆ. ಊಟ ಮುಗಿಸಿ, ಮಲಗುವ ಮುಂಚೆ ನಿಧಾನಕ್ಕೆ ಜಿಪ್ಪು ಎಳೆಯುತ್ತಿದ್ದೆ. ಒಗೆದು ಮಡಚಿಟ್ಟ ಅಂಗಿ, ಟವೆಲು, ಮಾವಿನಮಿಡಿ ಉಪ್ಪಿನಕಾಯಿ ಬಾಟಲಿಗೆ ಅಮ್ಮ ಸುತ್ತಿಕೊಟ್ಟ ಹಳೇ ಸೀರೆ ತುಂಡು, ಎಲ್ಲದರಿಂದಲೂ ಒಂದೇ ವಾಸನೆ. ಕಟ್ಟಿಗೆ ಒಲೆಯ ಹೊಗೆ. ಒಂದು ಸಲ ರೂಮ್‌ಮೇಟು ಗಾಬರಿಯಾಗಿ ಎದ್ದು ಕೂತು, "ಎಲ್ಲೋ ವೈರು ಸುಡ್ತಾ ಇದೆ ಕಣೋ" ಅಂತ ರೂಮಿನ ಪ್ಲಗ್ ಪಾಯಿಂಟುಗಳನ್ನೆಲ್ಲ ಮೂಸಿ ನೋಡಿದ್ದ. ನಾನು ಸುಮ್ಮನೆ ಮಲಗಿದ್ದೆ. ಹೇಳಿಕೊಳ್ಳಲು ನಾಚಿಕೆ, ಆದರೂ ಹೇಳುತ್ತೇನೆ, ಆ ಟವೆಲನ್ನು ಒಂದು ವಾರ ಒಗೆಯುತ್ತಿರಲಿಲ್ಲ.

ನಮ್ಮದು ತೀರ್ಥಹಳ್ಳಿಯಿಂದ 14 ಕಿಲೋಮೀಟರ್ ದೂರದ ತೋಟದ ಮನೆ. ಮಲೆನಾಡಿನಲ್ಲಿ ಊರು ಅಂದರೆ ಬಯಲುಸೀಮೆಯ ಹಾಗೆ ಸಾಲು ಮನೆಗಳಲ್ಲ. ಇಲ್ಲೊಂದು ಮನೆ, ಗುಡ್ಡ ಹತ್ತಿ ಇಳಿದರೆ ಇನ್ನೊಂದು. ಮುಂದೆ ಅಂಗಳ, ಅಂಗಳದ ಕೆಳಗೆ ಅಡಿಕೆ ತೋಟ, ತೋಟದ ಆಚೆ ಎರಡು ತುಂಡು ಗದ್ದೆ, ಮನೆ ಹಿಂದೆ ಸೊಪ್ಪಿನ ಬೆಟ್ಟ. ಮಣ್ಣಿನ ಗೋಡೆ, ಮಂಗಳೂರು ಹೆಂಚು. ಜಗಲಿ, ನಡುಮನೆ, ದೇವರ ಕೋಣೆ ಎಲ್ಲ ದಾಟಿ ಕಟ್ಟಕಡೆಗೆ, ಹಗಲು ಹೊತ್ತಿನಲ್ಲೂ ಕತ್ತಲಾಗಿರುತ್ತಿದ್ದದ್ದು ಅಡಿಗೆಮನೆ. ಅದಕ್ಕಿದ್ದದ್ದು ಅಂಗೈ ಅಗಲದ ಒಂದು ಕಿಟಕಿ, ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು.

ಆ ಗಾಜಿನ ಹೆಂಚಿನ ಬಗ್ಗೆ ಒಂದಿಷ್ಟು ಹೇಳಲೇಬೇಕು. ಬೆಳಗ್ಗೆ ಎಂಟಕ್ಕೆ ಅದರಿಂದ ಒಂದು ಬಿಸಿಲುಕೋಲು ಇಳಿಯುತ್ತಿತ್ತು. ಒಲೆಯ ಹೊಗೆ ಅದರೊಳಗೆ ಹೊಕ್ಕ ಕೂಡಲೇ ನೀಲಿಯಾಗಿ, ಸುರುಳಿ ಸುರುಳಿಯಾಗಿ ಮೇಲೇರುತ್ತಿತ್ತು. ನಾನೂ ಅಕ್ಕನೂ ಅದರೊಳಗೆ ಕೈ ಆಡಿಸಿ ಹೊಗೆಯನ್ನು ಕತ್ತರಿಸುವ ಆಟ ಆಡುತ್ತಿದ್ದೆವು. ಬಿಸಿಲುಕೋಲಿನ ತುದಿ ಒರಳುಕಲ್ಲಿಗೆ ಮುಟ್ಟಿತು ಅಂದರೆ ಶಾಲೆಗೆ ಹೊರಡುವ ಹೊತ್ತು. ಅಡಿಗೆಮನೆಯಲ್ಲಿ ಗಡಿಯಾರ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮಳೆಗಾಲದಲ್ಲಿ ಮಾತ್ರ ನಾವು ದಿನಾ ತಡ.

ಒಲೆಯ ಮೇಲ್ಗಡೆ ಅಟ್ಟ. ಅಲ್ಲಿ ಮಳೆಗಾಲಕ್ಕೆ ಒಣಗದೆ ಉಳಿದ ಅಡಿಕೆ, ಮೆಣಸಿನ ಕಾಳು, ಮುರುಗಲು ಸಿಪ್ಪೆ, ಬೀಜಕ್ಕಿಟ್ಟ ಹೀರೆಕಾಯಿ, ಸೌತೆಕಾಯಿ, ಒದ್ದೆ ಕಟ್ಟಿಗೆ, ಎಲ್ಲ. ಗೋಡೆ, ಕಂಬ, ತೊಲೆ, ಜಂತಿ ಹೊಗೆ ಕುಡಿದು ಕುಡಿದು ಬಣ್ಣ ಹಚ್ಚಿದ ಹಾಗೆ ಮಿರಿಮಿರಿ ಕಪ್ಪು. ಈಗ ಹೋಂಸ್ಟೇಗಳಲ್ಲಿ ಆ ಬಣ್ಣ ಬರಲಿ ಅಂತ ಪಾಲಿಶ್ ಹೊಡೆಸುತ್ತಾರೆ.

ಅಮ್ಮನ ದಿನ ಶುರುವಾಗುತ್ತಿದ್ದದ್ದು ನಾಲ್ಕೂವರೆಗೆ. ರಾತ್ರಿ ಮಲಗುವ ಮುಂಚೆ ಕೆಂಡಕ್ಕೆ ಬೂದಿ ಮುಚ್ಚಿಟ್ಟಿರುತ್ತಿದ್ದಳು. ಬೆಳಗ್ಗೆ ಬೂದಿ ಕೆದಕಿದರೆ ಒಳಗೆ ಎರಡು ಕೆಂಡ ಇನ್ನೂ ಕಣ್ಣು ಬಿಟ್ಟುಕೊಂಡಿರುತ್ತಿದ್ದವು. ಅದರ ಮೇಲೆ ಒಂದು ಹಿಡಿ ದರಗು, ನಾಲ್ಕು ಪುರಲೆ, ಆಮೇಲೆ ಊದುಗೊಳವೆ. ಬೆಂಕಿಪೊಟ್ಟಣಕ್ಕೆ ಖರ್ಚಿಲ್ಲ. ನಾನು ಹಾಸಿಗೆಯಲ್ಲೇ ಕೇಳಿಸಿಕೊಳ್ಳುತ್ತಿದ್ದೆ, ಫೂ... ಫೂ... ಆಮೇಲೆ ಭಗ್ಗನೆ ಹತ್ತಿಕೊಂಡ ಸದ್ದು. ಅಷ್ಟಾದ ಮೇಲೆ ಇನ್ನೊಂದು ಗಂಟೆ ಮಲಗಬಹುದು ಅಂತ ಅರ್ಥ.

ಮೊದಲು ಇದ್ದದ್ದು ಬಿದಿರಿನ ಊದುಗೊಳವೆ. ತುದಿ ಸುಟ್ಟು ಸುಟ್ಟು ವರ್ಷಕ್ಕೊಂದು ಬದಲಾಗುತ್ತಿತ್ತು. ಆಮೇಲೆ ಅಪ್ಪ ತೋಟಕ್ಕೆ ತಂದಿದ್ದ ಕಬ್ಬಿಣದ ಪೈಪಿನಲ್ಲಿ ಒಂದೂವರೆ ಅಡಿ ತುಂಡು ಕತ್ತರಿಸಿಕೊಟ್ಟ. ಅಮ್ಮನಿಗೆ ಅಪ್ಪ ಕೊಟ್ಟ ಉಡುಗೊರೆಗಳಲ್ಲಿ ನನಗೆ ಗೊತ್ತಿರುವುದು ಅದೊಂದೇ.

ಸಂಜೆ ಹೊತ್ತು ನನ್ನ ಮಗ್ಗಿ ಪಾಠ ಒಲೆ ಮುಂದೆ. ಅಮ್ಮ ಓದಿದ್ದು ಏಳನೇ ಕ್ಲಾಸು. ಲೆಕ್ಕದಲ್ಲಿ ಮಾತ್ರ ನಮ್ಮ ಮೇಷ್ಟ್ರಿಗಿಂತ ಚುರುಕು. ಮಣೆ ಮೇಲೆ ಕೂತು ಒಲೆ ಊದುತ್ತಿದ್ದಳು, ನಾನು ಎದುರಿಗೆ ಚಕ್ಕಳಮಕ್ಕಳ ಹಾಕಿಕೊಂಡು ಹದಿಮೂರರ ಮಗ್ಗಿ ಒಪ್ಪಿಸಬೇಕು. ಊದುತ್ತಿರುವಾಗ ಮಾತಾಡಲು ಆಗುವುದಿಲ್ಲವಲ್ಲ, ಹಾಗಾಗಿ ತಪ್ಪು ಹೇಳಿದ ಕೂಡಲೇ ಕೊಳವೆಯನ್ನು ನೆಲಕ್ಕೆ ಒಮ್ಮೆ ಕುಟ್ಟುವಳು. ಟಣ್! ಮತ್ತೆ ಮೊದಲಿಂದ ಶುರು. ಬಿಇನಲ್ಲಿ ಮ್ಯಾಥ್ಸ್ ಪರೀಕ್ಷೆ ಬರೆಯುವಾಗಲೂ ಒಂದೆರಡು ಸಲ ಆ ಟಣ್ ಕೇಳಿಸಿದೆ. ಈಗ ಕೋಡ್ ಕಂಪೈಲ್ ಆಗದಿದ್ದರೆ ಕೆಂಪಕ್ಷರ ಬರುತ್ತದೆ, ಅದಕ್ಕೆ ಆ ಮರ್ಯಾದೆ ಇಲ್ಲ.

ನವೆಂಬರಿನಿಂದ ಫೆಬ್ರವರಿವರೆಗೆ ಅಡಿಕೆ ಸುಗ್ಗಿ. ಆ ನಾಲ್ಕು ತಿಂಗಳು ನಮ್ಮನೆಯಲ್ಲಿ ರಾತ್ರಿ ಅನ್ನುವುದೇ ಇರುತ್ತಿರಲಿಲ್ಲ. ಹಗಲು ಕೊನೆ ಕೊಯ್ಯುವುದು, ಹೊರುವುದು. ಕತ್ತಲಾದ ಮೇಲೆ ಜಗಲಿಯಲ್ಲಿ ಹತ್ತು ಹನ್ನೆರಡು ಜನ ಮೆಟ್ಟುಗತ್ತಿ ಹಾಕಿಕೊಂಡು ಅಡಿಕೆ ಸುಲಿಯಲು ಕೂರುವರು. ಅಂಗಳದಲ್ಲಿ ದೊಡ್ಡ ತಾಮ್ರದ ಹಂಡೆ, ಅದರಲ್ಲಿ ಚೊಗರು ಕುದಿಯುತ್ತಿರುತ್ತಿತ್ತು. ಸುಲಿದ ಅಡಿಕೆ ಅದರಲ್ಲಿ ಬೇಯುವ ವಾಸನೆ, ಚಳಿ, ಮಂಜು, ಯಾರೋ ಹೇಳುವ ದೆವ್ವದ ಕಥೆ, ಸುಲಿಯುವವರ ಕಪ್ಪು ಬೆರಳು. ನಮಗೆ ಹಬ್ಬ. ಹಂಡೆ ಒಲೆಯ ಕೆಂಡದಲ್ಲಿ ಗೆಣಸು ಹೂತಿಟ್ಟು ಕಾಯುವುದೇ ನಮ್ಮ ಕೆಲಸ.

ಹಾಗೆ ಸುಲಿಯಲು ಬಂದವರಿಗೆ, ಕೊನೆ ಕೊಯ್ಯುವವರಿಗೆ, ಮನೆಯವರಿಗೆ ಅಂತ ದಿನಕ್ಕೆ ಹದಿನೈದಿಪ್ಪತ್ತು ಜನರ ಕಾಫಿ, ತಿಂಡಿ, ಊಟ, ಮತ್ತೆ ಕಾಫಿ, ಮತ್ತೆ ಊಟ. ಈ ಹಬ್ಬದಲ್ಲಿ ಅಮ್ಮ ಎಲ್ಲಿದ್ದಳು ಅಂತ ಈಗ ನೆನಪು ಮಾಡಿಕೊಳ್ಳಲು ನೋಡುತ್ತೇನೆ. ಜಗಲಿಯ ಒಂದು ಚಿತ್ರದಲ್ಲೂ ಅವಳಿಲ್ಲ. ದೆವ್ವದ ಕಥೆ ಕೇಳಲು ಅವಳು ಬಂದದ್ದೇ ಇಲ್ಲ. ಬಾಗಿಲವರೆಗೆ ಕಾಫಿ ತಟ್ಟೆ ಬರುತ್ತಿತ್ತು, ಅದನ್ನು ಹಿಡಿದ ಎರಡು ಕೈ ಬರುತ್ತಿತ್ತು, ಅಷ್ಟೇ.

ಮಳೆಗಾಲ ಬೇರೆ ಥರ. ಜೂನಿಂದ ಹಿಡಿದರೆ ಸೆಪ್ಟೆಂಬರ್‌ವರೆಗೆ ಮಳೆ. ಕರೆಂಟು ಹೋದರೆ ವಾರಗಟ್ಟಲೆ ಪತ್ತೆ ಇಲ್ಲ. ಎಷ್ಟೇ ಕಟ್ಟಿಗೆ ಮೊದಲೇ ತಂದು ಒಟ್ಟಿಟ್ಟರೂ ಆಗಸ್ಟಿನ ಹೊತ್ತಿಗೆ ಎಲ್ಲ ಥಂಡಿ ಹಿಡಿದು ಬರೀ ಹೊಗೆ ಕಾರುತ್ತಿತ್ತು, ಉರಿಯುತ್ತಿರಲಿಲ್ಲ. ನಾವಿಬ್ಬರೂ ಬಚ್ಚಲೊಲೆ ಮುಂದೆ ಕಂಬಳಿ ಹೊದ್ದು ಕೂತು ಹಲಸಿನ ಬೇಳೆ ಸುಟ್ಟುಕೊಂಡು ತಿನ್ನುತ್ತ ಪರೀಕ್ಷೆಗೆ ಓದುತ್ತಿದ್ದೆವು. ರಾತ್ರಿ ಮಲಗಿದರೆ ಹೆಂಚಿನ ಮೇಲೆ ಮಳೆ, ಕೊಟ್ಟಿಗೆಯಲ್ಲಿ ದನದ ಗಂಟೆ, ಜೀರುಂಡೆ, ಕಪ್ಪೆ, ಅಮ್ಮನ ಕೆಮ್ಮು. ಈ ಸದ್ದುಗಳನ್ನು ಕೇಳುತ್ತ ಕೇಳುತ್ತ ನಿದ್ದೆ ಬರುತ್ತಿತ್ತು. ಬೆಂಗಳೂರಲ್ಲಿ ನಿದ್ದೆ ಬಾರದ ರಾತ್ರಿಗಳಲ್ಲಿ ಇವನ್ನೇ ಒಂದೊಂದಾಗಿ ನೆನೆಸಿಕೊಳ್ಳುತ್ತಿದ್ದೆ. ಹೌದು, ಕೆಮ್ಮನ್ನೂ ಸೇರಿಸಿ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಗುಡ್ಡದಾಚೆ ಮನೆಯವರು ಅಸ್ತ್ರ ಒಲೆ ಹಾಕಿಸಿದರು. ಮಣ್ಣು ಇಟ್ಟಿಗೆಯ ಒಲೆ, ಒಂದೇ ಬೆಂಕಿಗೆ ಮೂರು ಪಾತ್ರೆ ಕೂರುತ್ತವೆ, ಹೊಗೆ ಪೈಪಿನಲ್ಲಿ ಮಾಡು ದಾಟಿ ಹೊರಗೆ ಹೋಗುತ್ತದೆ. ಅಮ್ಮ ಎರಡು ಸಲ ಹೋಗಿ ನೋಡಿಬಂದಳು. ಎರಡನೇ ಸಲ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಆ ಮನೆಯ ಅಡಿಗೆಮನೆಯಲ್ಲಿ ನಿಂತು ಸುಮ್ಮನೆ ಮಾಡು ನೋಡುತ್ತಿದ್ದಳು. "ಕಣ್ಣುರಿಯೂದೇ ಇಲ್ವಲ್ಲೇ" ಅಂತ ಆ ಮನೆಯವರ ಹತ್ತಿರ ಹೇಳಿದ್ದು ನನಗೆ ಚೆನ್ನಾಗಿ ನೆನಪಿದೆ.

ನಮ್ಮನೆಗೆ ಅದು ಬರಲಿಲ್ಲ. ಅಜ್ಜಿ ಒಪ್ಪಲಿಲ್ಲ. ಹೊಗೆ ಹೊರಗೆ ಹೋದರೆ ಅಟ್ಟದ ಅಡಿಕೆ ಒಣಗುವುದು ಹೇಗೆ? ಜಂತಿಗೆ ಹುಳ ಹೊಡೆದರೆ? ನಮ್ಮ ದೊಡ್ಡ ಪಾತ್ರೆಗಳು ಆ ತೂತಿಗೆ ಕೂರುತ್ತವಾ? ಅಜ್ಜಿ ಹೇಳಿದ್ದರಲ್ಲಿ ಒಂದೂ ಸುಳ್ಳಲ್ಲ. ಹೊಗೆಯಿಂದ ಮರಕ್ಕೆ ಹುಳ ಬೀಳುವುದು ಕಡಿಮೆ, ಮಳೆಗಾಲದಲ್ಲಿ ಅಡಿಕೆ ಒಣಗಲು ಬೇರೆ ದಾರಿಯೂ ಇರಲಿಲ್ಲ. ಅಡಿಕೆ, ಜಂತಿ, ಪಾತ್ರೆ ಎಲ್ಲದರ ಪರವಾಗಿ ಮಾತಾಡುವವರು ಇದ್ದರು. ಅಪ್ಪ ಪೇಪರ್ ಓದುತ್ತಿದ್ದ.

ಆ ಒಲೆ ಹುಟ್ಟಿದ್ದು ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಅಂತ ನನಗೆ ಗೊತ್ತಾದದ್ದು ಕೆಲಸ ಸಿಕ್ಕಿದ ಮೇಲೆ. 1974ರಲ್ಲಿ ಅಮೂಲ್ಯ ರೆಡ್ಡಿ ಮತ್ತವರ ಸಂಗಡಿಗರು ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿಯೇ ಅಲ್ಲಿ 'ಅಸ್ತ್ರ' ಅಂತ ಒಂದು ಕೇಂದ್ರ ಶುರು ಮಾಡಿದ್ದರು, ಒಲೆಗೂ ಅದರದ್ದೇ ಹೆಸರು. ಮೂರು ವರ್ಷ ನಾನು ದಿನಾ ಅದೇ ಗೇಟಿನ ಮುಂದೆ ಬಸ್ಸಿನಲ್ಲಿ ಹೋಗಿದ್ದೇನೆ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು.

ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಗ್ಯಾಸು ಬಂತು. ಆದರೆ ಅದು ನೆಂಟರಿಗೆ. ಸಿಲಿಂಡರು ಖಾಲಿಯಾದರೆ ಜೀಪು ಮಾಡಿಕೊಂಡು ಪೇಟೆಯಿಂದ ತರಬೇಕು, ಬುಕ್ ಮಾಡಿದ ಮೇಲೂ ಯಾವಾಗ ಸಿಗುತ್ತದೋ ಅದರ ಇಷ್ಟ. ಹಾಗಾಗಿ ಯಾರಾದರೂ ಬಂದಾಗ ಕಾಫಿ ಕಾಸಲು ಮಾತ್ರ. ಉಳಿದ ಹೊತ್ತು ಸ್ಟೌವಿನ ಮೇಲೆ ಅಮ್ಮನೇ ಕಸೂತಿ ಹಾಕಿದ ಒಂದು ಬಟ್ಟೆ. ಬೆಟ್ಟದಲ್ಲಿ ಕಟ್ಟಿಗೆ ಬಿದ್ದು ಕೊಳೆಯುತ್ತಿರುವಾಗ ದುಡ್ಡು ಕೊಟ್ಟು ಗ್ಯಾಸು ಸುಡುವುದು ಅಂದರೆ ಏನು ಅಂತ ನಾವೂ ಹೇಳುತ್ತಿದ್ದೆವು. ಅನ್ನ ಒಲೆ ಮೇಲೆ ಬೆಂದರೇ ರುಚಿ ಅಂತಲೂ ಹೇಳುತ್ತಿದ್ದೆವು. ರುಚಿ ನೋಡುವವರು ನಾವು.

ಈ ಕಥೆಯೆಲ್ಲ ಮುಗಿದು ನಾನೂ ಅಕ್ಕನೂ ಮನೆ ಬಿಟ್ಟು, ಅಜ್ಜಿ ತೀರಿಕೊಂಡು ಎಷ್ಟೋ ವರ್ಷದ ಮೇಲೆ ಒಂದು ದಿನ ಅಮ್ಮ ಫೋನಿನಲ್ಲಿ ಹೇಳಿದಳು, "ಅಡಿಗೆಮನೆ ಕೆಡವಿ ಹೊಸದು ಕಟ್ಸಾಣ ಅಂತಿದೀನಿ."

ನನಗೆ ಯಾರೋ ಎದೆಗೆ ಒದ್ದ ಹಾಗಾಯಿತು. ಮೈಸೂರಿನಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ, ಅವಳು ಅತ್ತೇ ಬಿಟ್ಟಳು. ಇಬ್ಬರೂ ಸೇರಿ ಅಮ್ಮನಿಗೆ ಪಾಠ ಹೇಳಿದೆವು. ನೂರು ವರ್ಷದ ಅಡಿಗೆಮನೆ ಅಮ್ಮಾ, ಈಗ ಜನ ದುಡ್ಡು ಕೊಟ್ಟು ಇಂಥಾದ್ದು ನೋಡೋಕೆ ಹೋಗ್ತಾರೆ. ಬೇಕಾದ್ರೆ ಪಕ್ಕದಲ್ಲಿ ಇನ್ನೊಂದು ಕಟ್ಟೋಣ. ಗಾಜಿನ ಹೆಂಚು ಏನಾಗತ್ತೆ? ನಮ್ಮ ಮಕ್ಕಳು ನೋಡೋದು ಬೇಡವಾ?

ಅಮ್ಮ ಎಲ್ಲ ಕೇಳಿಸಿಕೊಂಡು, "ವರ್ಷಕ್ಕೆ ಎಂಟು ದಿನ ಬತ್ತೀರಿ. ಎಂಟು ದಿನಕ್ಕೆ ಬೇಕು ಅಂದ್ರೆ ಇಟ್ಕಳಿ" ಅಂದಳು. ಸಿಟ್ಟಿನಿಂದ ಅಲ್ಲ, ನಿಜಕ್ಕೂ ಹಾಗೇ ಅಂದಳು. ಆಮೇಲೆ ಆ ವಿಷಯ ಎತ್ತಲಿಲ್ಲ. ನಾನು ಗೆದ್ದೆ ಅಂದುಕೊಂಡೆ.

ಅದಾಗಿ ಎರಡು ಮಳೆಗಾಲ ಕಳೆದ ಮೇಲೆ ಅಮ್ಮನಿಗೆ ಅಂಗಳದಿಂದ ಕೊಟ್ಟಿಗೆವರೆಗೆ ನಡೆದರೂ ಏದುಸಿರು ಬರಲು ಶುರುವಾಯಿತು. ಊರಿನ ಔಷಧ, ಪೇಟೆಯ ಔಷಧ ಎಲ್ಲ ಆಗಿ ಕೊನೆಗೆ ಶಿವಮೊಗ್ಗದಲ್ಲಿ ಶ್ವಾಸಕೋಶದ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದೆ. ಬೀಡಿ ಸಿಗರೇಟು ಅಭ್ಯಾಸ ಇದೆಯಾ ಅಂತ ಅವರು ಕೇಳಿದಾಗ ಅಮ್ಮ ನಾಚಿಕೊಂಡು ನಕ್ಕಳು. ಹೊಗೆಸೊಪ್ಪು ಮುಟ್ಟಿದವಳೂ ಅಲ್ಲ.

ಒಂದು ಯಂತ್ರದ ಮುಂದೆ ಕೂರಿಸಿ, ಮೂಗಿಗೆ ಕ್ಲಿಪ್ಪು ಹಾಕಿ, ಬಾಯಿಗೆ ಒಂದು ಕೊಳವೆ ಕೊಟ್ಟರು. ಜೋರಾಗಿ ಉಸಿರೆಳೆದುಕೊಂಡು ಒಂದೇ ಸಲಕ್ಕೆ ಊದಿ, ನಿಲ್ಲಿಸಬೇಡಿ, ಊದಿ ಊದಿ ಊದಿ ಅಂತ ಆ ಹುಡುಗಿ ಹೇಳುತ್ತಿದ್ದಳು. ಅಮ್ಮ ನನ್ನ ಕಡೆ ತಿರುಗಿ, "ಊದುಗೊಳವೆನಾ? ಇದು ನಂಗೆ ಹೇಳಿಕೊಡ್ಬೇಕಾ" ಅಂದಳು. ಊದಿದಳು. ಮೂರು ಸಲ ಊದಿಸಿದರು. ಸ್ಕ್ರೀನಿನಲ್ಲಿ ಗೆರೆ ಸ್ವಲ್ಪ ಮೇಲೆ ಹೋಗಿ ಅಲ್ಲೇ ಮಲಗುತ್ತಿತ್ತು. ಗ್ರಾಫು ಓದಲು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮೂರನೆಯ ಸಲ ಅಮ್ಮನಿಗೆ ಕೆಮ್ಮು ಬಂದು ಕಣ್ಣಲ್ಲಿ ನೀರು ಬಂತು. "ಇನ್ನೊಂದ್ಸಲ ಮಾಡ್ತೀನಿ, ಸರಿ ಬರ್ಲಿಲ್ಲ" ಅಂತ ಆ ಹುಡುಗಿಗೇ ಸಮಾಧಾನ ಹೇಳಿದಳು.

ಡಾಕ್ಟರು ಸಿಒಪಿಡಿ ಅಂದರು. ದಿನಕ್ಕೆ ಎಷ್ಟು ಗಂಟೆ ಒಲೆ ಮುಂದೆ ಇರ್ತೀರಿ ಅಂತ ಕೇಳಿದರು. ಆರು ಅಂತ ಬರ್ಕಳಿ, ಅಂದಳು ಅಮ್ಮ. ಎಷ್ಟು ವರ್ಷದಿಂದ? ಮದುವೆಯಾಗಿ ಮೂವತ್ತೆಂಟು ವರ್ಷ. ಗಂಟೆಯನ್ನು ವರ್ಷದಿಂದ ಗುಣಿಸಿ ಒಂದು ಅಂಕೆ ಹಿಡಿಯುತ್ತಾರಂತೆ, ಅದು 60 ದಾಟಿದರೇ ಎಚ್ಚರಿಕೆ. ಡಾಕ್ಟರು ಕ್ಯಾಲ್ಕುಲೇಟರಿಗೆ ಕೈ ಹಾಕಿದರು, ನಾನು ಮನಸ್ಸಿನಲ್ಲೇ ಲೆಕ್ಕ ಶುರು ಮಾಡಿದೆ. ಅಷ್ಟರಲ್ಲಿ ಅಮ್ಮ, "ಇನ್ನೂರ ಇಪ್ಪತ್ತೆಂಟು" ಅಂದಳು. ಹೇಳಿ ಆದ ಮೇಲೆ, ಇದು ಒಳ್ಳೆ ಮಾರ್ಕೋ ಕೆಟ್ಟ ಮಾರ್ಕೋ ಅಂತ ಗೊತ್ತಾಗದೆ ನಮ್ಮಿಬ್ಬರ ಮುಖ ನೋಡಿದಳು.

ಹೋದದ್ದು ವಾಪಸು ಬರುವುದಿಲ್ಲ, ಇನ್ನು ಮುಂದೆ ಹೋಗದ ಹಾಗೆ ನೋಡಿಕೊಳ್ಳಬಹುದು, ಅಂದರು ಡಾಕ್ಟರು. ಇನ್‌ಹೇಲರು ಬರೆದುಕೊಟ್ಟರು. ಮೊದಲು ಆ ಒಲೆ ಬಿಡಿಸಿ ಅಂದರು.

ತೀರ್ಥಹಳ್ಳಿಗೆ ವಾಪಸು ಬರುವಾಗ ಕಾರಿನಲ್ಲಿ ಅಮ್ಮ ನಿದ್ದೆ ಮಾಡಿದಳು. ಮಂಡಗದ್ದೆ ಹತ್ತಿರ ಎದ್ದು, "ಹಕ್ಕಿ ಬಂದಾವಾ ನೋಡು" ಅಂದಳು. ನಾನು ನೋಡಲಿಲ್ಲ. ಅಕ್ಕನಿಗೆ ಏನಂತ ಹೇಳುವುದು ಅಂತ ಯೋಚನೆ ಮಾಡುತ್ತಿದ್ದೆ. ಎರಡು ವರ್ಷದ ಹಿಂದೆ ಅಮ್ಮ ಕೇಳಿದಾಗಲೇ ಹೂಂ ಅಂದಿದ್ದರೆ ಆ ಗೆರೆ ಎಷ್ಟು ಮೇಲೆ ಹೋಗುತ್ತಿತ್ತು? ಬಹುಶಃ ಹೆಚ್ಚು ವ್ಯತ್ಯಾಸ ಆಗುತ್ತಿರಲಿಲ್ಲ. 228ರಲ್ಲಿ 12 ಕಳೆಯಿರಿ. ಆ ಹನ್ನೆರಡು ಮಾತ್ರ ಪೂರ್ತಿ ನಮ್ಮದು.

ಸುಗ್ಗಿ ಶುರುವಾಗುವ ಮುಂಚೆಯೇ ಅಡಿಗೆಮನೆ ಕೆಡವಿಸಿದೆವು. ಕೆಡವುವ ದಿನ ನಾನು ರಜ ಹಾಕಿ ಹೋಗಿದ್ದೆ. ಜಂತಿ ಒಂದಕ್ಕೂ ಹುಳ ಹೊಡೆದಿರಲಿಲ್ಲ, ಅಜ್ಜಿ ಹೇಳಿದ ಹಾಗೆ. ಗಾಜಿನ ಹೆಂಚನ್ನು ಬಡಗಿ ಹುಷಾರಾಗಿ ಇಳಿಸಿ ನನ್ನ ಕೈಗೆ ಕೊಟ್ಟ. ಒಳಮೈಯೆಲ್ಲ ಟಾರು ಮೆತ್ತಿದ ಹಾಗೆ ಕಪ್ಪು ಅಂಟು. ಉಗುರಲ್ಲಿ ಕೆರೆದರೆ ಹೋಗಲಿಲ್ಲ, ಸೀಮೆಎಣ್ಣೆ ಹಾಕಿ ತಿಕ್ಕಿದರೂ ಪೂರ್ತಿ ಹೋಗಲಿಲ್ಲ.

ಹೊಸ ಅಡಿಗೆಮನೆಗೆ ಪೂರ್ವಕ್ಕೆ ದೊಡ್ಡ ಕಿಟಕಿ. ನಿಂತು ಅಡಿಗೆ ಮಾಡುವ ಕಟ್ಟೆ, ಗ್ಯಾಸು, ಎರಡು ಸಿಲಿಂಡರು. ಅಲ್ಲಿ ನಿಂತರೆ ಅಂಗಳ ಕಾಣುತ್ತದೆ, ತೋಟಕ್ಕೆ ಇಳಿಯುವ ದಾರಿ ಕಾಣುತ್ತದೆ. ಯಾರು ಬಂದರು ಯಾರು ಹೋದರು ಅಂತ ಅಮ್ಮನಿಗೆ ಈಗ ಎಲ್ಲ ಗೊತ್ತು, ಫೋನಿನಲ್ಲಿ ವರದಿ ಕೊಡುತ್ತಾಳೆ. ರೊಟ್ಟಿ ಉಬ್ಬುವುದಿಲ್ಲ, ಬದನೆಕಾಯಿ ಸುಡಲು ಬರುವುದಿಲ್ಲ ಅಂತ ತಕರಾರೂ ಇದೆ. ಬಚ್ಚಲೊಲೆಗೆ ಹೊಗೆಕೊಳವೆ ಹಾಕಿಸಿದ್ದೇವೆ, ಅದನ್ನು ಹೊತ್ತಿಸುವುದು ಈಗ ಅಪ್ಪ. ನನ್ನ ಅಪ್ಪ ಬೆಂಕಿ ಹೊತ್ತಿಸುವುದನ್ನು ನಾನು ಮೊದಲ ಸಲ ನೋಡಿದ್ದು ನನ್ನ ಮೂವತ್ತೈದನೇ ವಯಸ್ಸಿನಲ್ಲಿ. ಅರ್ಧ ಪೊಟ್ಟಣ ಕಡ್ಡಿ ಗೀರಿದ. ಅಮ್ಮ ಕಿಟಕಿಯಿಂದಲೇ ನೋಡಿ ನಗುತ್ತಿದ್ದಳು, ನಗುವಾಗ ಕೆಮ್ಮು ಬಂತು.

ಈಗ ಊರಿಂದ ಬಂದ ಬ್ಯಾಗು ಬಿಚ್ಚಿದರೆ ಬಟ್ಟೆ ಸೋಪಿನ ವಾಸನೆ ಬರುತ್ತದೆ. ಹೆಂಡತಿ ನೇರವಾಗಿ ಬೀರುವಿಗೆ ಜೋಡಿಸುತ್ತಾಳೆ. ಮೊದಲ ಸಲ ಹಾಗಾದಾಗ ನನಗೆ ಬೇಜಾರಾಯಿತು. ಸುಳ್ಳು ಹೇಳಿ ಏನು ಪ್ರಯೋಜನ, ಈಗಲೂ ಒಂದು ಚೂರು ಆಗುತ್ತದೆ.

ಕಳೆದ ಸಲ ಹೋದಾಗ ಊದುಗೊಳವೆ ಹುಡುಕಿದೆ. ಬೆಂಗಳೂರಿಗೆ ತಂದು ಇಟ್ಟುಕೊಳ್ಳೋಣ ಅಂತ. ಅಟ್ಟದ ಸಾಮಾನೆಲ್ಲ ಈಗ ಕೊಟ್ಟಿಗೆ ಪಕ್ಕದ ಕೋಣೆಯಲ್ಲಿದೆ, ಅಲ್ಲಿ ಇರಲಿಲ್ಲ. ಬಚ್ಚಲಲ್ಲೂ ಇರಲಿಲ್ಲ. ಅಮ್ಮನನ್ನು ಕೇಳಿದೆ.

"ಅದಾ? ತೋಟದ ಕೆಲ್ಸಕ್ಕೆ ಬರ್ತಾಳಲ್ಲ, ಅವಳಿಗೆ ಕೊಟ್ಟೆ. ಅವಳ ಮನೇದು ತೂತು ಬಿದ್ದಿತ್ತಂತೆ."

ನನ್ನ ಮುಖ ನೋಡಿ ಏನನ್ನಿಸಿತೋ, "ನಿಂಗೆಂತಕ್ಕೆ ಮಾರಾಯ ಅದು?" ಅಂದಳು. ಆಮೇಲೆ ಕಿಟಕಿ ಕಡೆ ತಿರುಗಿ ಸೊಪ್ಪು ಹೆಚ್ಚುತ್ತ, "ಒಣಗಿದ್ ಕಟ್ಟಿಗೆನೂ ಎರಡು ಹೊರೆ ಕಳ್ಸಿದೀನಿ. ಜಾಸ್ತಿ ಊದ್ಬೇಡ ಅಂತ ಹೇಳಿದೀನಿ" ಅಂದಳು.